ಪಕ್ಕದ ಮನೆ ಮಾಮನ ಪೆಟ್ಟಿಗೆ

ಮೊನ್ನೆ ಶಿವಮೊಗ್ಗದ ವಿನೋಬನಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಕಾದ ಸೀಸ, ಸುಟ್ಟ ರಾಳ... ನಾನು ಆಡಿದ್ದು ಆ ಕಡೆಯವರಿಗೆ ಕೇಳಿಸುತ್ತಿಲ್ಲ ಎಂದು ಫೋನ್ ಒಯ್ದಿದ್ದೆ. ಆ ವಾಸನೆಗೆ ಬಂದ ಕೆಲಸ ಮರೆತು, ಭದ್ರಾವತಿಯ ಕ್ವಾರ್ಟರ್ಸಿನ ಪಕ್ಕದ ಮನೆ ಮಾಮನ ಎದುರು ನಿಂತಂತಾಯಿತು.

ಮಾಮ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಟ್ಟವರಲ್ಲ. ಅರವತ್ತರ ದಶಕದ ಆರಂಭದಲ್ಲಿ ನಮ್ಮ ಸಾಲಿಗೆಲ್ಲ ಇದ್ದದ್ದು ಅವರ ಮನೆಯ ರೇಡಿಯೋ ಒಂದೇ. ಹಾಡು ಕೇಳಲು ಹೆಂಗಸರು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದನ್ನು ನೋಡಲಾರದೆ ಮಾಮ ಶಿವಮೊಗ್ಗದ ಗುಜರಿಯಿಂದ ಹಳೆಯ ಸ್ಪೀಕರ್‌ಗಳನ್ನು ತಂದು, ಚಹಾಪುಡಿಯ ಮರದ ಪೆಟ್ಟಿಗೆಗಳಲ್ಲಿ ಕೂರಿಸಿ, ಹಂಚಿನ ಸಂದಿಯಲ್ಲಿ ವೈರ್ ಎಳೆದು ಪ್ರತಿ ಅಡುಗೆಮನೆಗೂ ಒಂದೊಂದು ತೂಗುಹಾಕಿದರು. ನಮ್ಮಮ್ಮ ಒಲೆಯ ಮುಂದೆ ಕೂತೇ ಹಾಡು ಕೇಳುವ ಮಹಾರಾಣಿಯಾದರು.

ಮಾಮನ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು. ಮಾಮ ಕೆಲಸಕ್ಕೆ ಹೋಗಿ, ಕೆಲಸದಾಕೆಯೂ ಬಂದು ಹೋದ ಮೇಲೆ ಅವರಿಗೆ ಗೋಡೆಯೇ ಗತಿ. ಸ್ಪೀಕರ್ ಬರೀ ಆಡುವುದಿಲ್ಲ, ಎದುರಿನ ಮಾತನ್ನು ಕೇಳಿಸಿಕೊಳ್ಳಲೂ ಬಲ್ಲದು ಎಂಬುದು ಮಾಮನಿಗೆ ಗೊತ್ತಿತ್ತು. ರೇಡಿಯೋದೊಳಗೆ ಏನೇನೋ ಬದಲಿಸಿ ಅತ್ತೆಯ ಕೈಗೆಟುಕುವಂತೆ ಒಂದು ಸ್ವಿಚ್ ಇಟ್ಟರು. ಅದನ್ನು ತಿರುಗಿಸಿದರೆ ಹಾಡು ನಿಂತು, ಅಡುಗೆಮನೆಗಳ ಮಾತು ಅತ್ತೆಯ ಹಾಸಿಗೆಯವರೆಗೆ ಬರುತ್ತಿತ್ತು. ಇನ್ನೊಂದು ಕಡೆ ತಿರುಗಿಸಿ ಅವರು ಮಾತಾಡಿದರೆ ಸಾಲಿನ ಎಲ್ಲ ಪೆಟ್ಟಿಗೆಗಳಲ್ಲೂ ಅವರ ಧ್ವನಿ. ಮಾಮ ಮನೆಮನೆಗೂ ಹೋಗಿ, ವಿಷಯ ತಿಳಿಸಿ, ಒಪ್ಪಿಗೆ ಪಡೆದೇ ಇದನ್ನು ಮಾಡಿದ್ದರು.

ಹಾಡು ಗಕ್ಕನೆ ನಿಂತರೆ ಅತ್ತೆ ಬಂದರು ಎಂದು ಅರ್ಥ. ನಾನು ಪೆಟ್ಟಿಗೆಯ ಹತ್ತಿರ ಹೋಗಿ, "ಊಟ ಆಯ್ತಾ?" ಅನ್ನುತ್ತಿದ್ದೆ.

"ಆಯ್ತು ಕಣೇ. ನಿಮ್ಮನೇಲಿ ಏನು ಹುಳಿ?"

ಆ ಧ್ವನಿಯಲ್ಲಿ ಕಾಯಿಲೆಯ ಸುಳಿವೇ ಇರುತ್ತಿರಲಿಲ್ಲ...

ಒಂದು ಮಧ್ಯಾಹ್ನ ಶಿವಮೊಗ್ಗದಿಂದ ದೊಡ್ಡಮ್ಮ ಬಂದಿದ್ದರು. ಪೆಟ್ಟಿಗೆ ಸದ್ದಿಲ್ಲದೆ ಇತ್ತು. ಮಧ್ಯಾಹ್ನದ ಪ್ರಸಾರ ಮುಗಿದಿದೆ ಎಂದುಕೊಂಡರು ಅಮ್ಮ. ಮುಗಿದದ್ದೂ ನಿಜ. ಆ ಹೊತ್ತಿನಲ್ಲೇ ಅತ್ತೆ ಸ್ವಿಚ್ ತಿರುಗಿಸಿದ್ದು ಯಾರಿಗೂ ತಿಳಿಯಲಿಲ್ಲ. ಅಮ್ಮ ಅಕ್ಕಿ ಆರಿಸುತ್ತಾ, "ಪಕ್ಕದ ಮನೆಯವಳು ಇನ್ನೆಷ್ಟು ದಿನ ಇದ್ದಾಳು ಅಕ್ಕ? ಕಣ್ಣು ಮುಚ್ಚಿದ್ಮೇಲೆ ನಮ್ಮ ತಂಗೀನ ಅವರಿಗೇ ಕೊಡೋಣ ಅಂತಿದ್ದೀನಿ. ನಮ್ಮ ಜನಾನೇ, ಕೆಲಸಾನೂ ಇದೆ" ಎಂದರು.

ಪೆಟ್ಟಿಗೆ ಗೊರಗುಟ್ಟಿತು.

"ಸ್ವಲ್ಪ ತಡೀರಿ. ನಾನಿನ್ನೂ ಇದ್ದೀನಿ."

ಸಾಲಿನ ಎಲ್ಲ ಅಡುಗೆಮನೆಗಳಲ್ಲೂ ಆ ಮಾತು ಕೇಳಿಸಿತು. ಅಮ್ಮ ಆಗಲೇ ಓಡಿಹೋಗಿ ಅತ್ತೆಯ ಕೈ ಹಿಡಿದುಕೊಳ್ಳಬೇಕಿತ್ತು. ಬದಲಿಗೆ, ಏನಾಯಿತೆಂದು ಕೇಳಲು ಬಂದ ಹೆಂಗಸರಿಗೆ, "ನಮ್ಮ ಮಾತೆಲ್ಲ ಕದ್ದು ಕೇಳೋಕೆ ಆ ಮನುಷ್ಯ ಮಾಡಿರೋ ಕಿತಾಪತಿ ಇದು" ಎಂದುಬಿಟ್ಟರು. ಒಪ್ಪಿಗೆ ಕೊಟ್ಟಿದ್ದವರೆಲ್ಲ ಹೂಂಗುಟ್ಟಿದರು. ಒಬ್ಬೊಬ್ಬರಿಗೂ ಪೆಟ್ಟಿಗೆಯ ಮುಂದೆ ತಾವು ಆಡಿದ್ದ ಮಾತು ನೆನಪಾಗಿರಬೇಕು. ಗಂಡಸರು ಮೇಲಿನವರಿಗೆ ದೂರು ಕೊಟ್ಟರು. ಮಾಮ ಕ್ವಾರ್ಟರ್ಸ್ ಬಿಡಬೇಕಾಯಿತು. ಅಮ್ಮನ ಮೇಲಿನ ಆ ಸಿಟ್ಟು ಅಮ್ಮ ಸತ್ತ ಮೇಲೂ ನನಗೆ ಇಳಿದಿಲ್ಲ.

ಪೆಟ್ಟಿಗೆ ಬಿಚ್ಚಲು ಬಂದ ಮಾಮ, "ತಪ್ಪು ನಂದೇ ಅಕ್ಕ. ಒಂದು ಸಣ್ಣ ಬಲ್ಬ್ ಇಡ್ಬೇಕಿತ್ತು. ಅವಳು ಕೇಳ್ತಿದ್ದಾಳೆ ಅಂತ ನಿಮಗೆ ಗೊತ್ತಾಗ್ತಿತ್ತು" ಎಂದರು. ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ.

ಅವರು ಶಿವಮೊಗ್ಗದ ರಾಗಿಗುಡ್ಡದ ಕಡೆ ಬಾಡಿಗೆ ಮನೆ ಹಿಡಿದರಂತೆ. ಆಗ ಅಲ್ಲಿ ಅಕ್ಕಪಕ್ಕ ಮನೆಗಳೇ ಇರಲಿಲ್ಲ. ಅತ್ತೆ ಬೇಗ ಹೋದರು ಎಂದು ಯಾರೋ ಹೇಳಿದರು... ಮಾಮನ ಸುದ್ದಿ ಆಮೇಲೆ ಸಿಗಲೇ ಇಲ್ಲ.

"ಸರಿಹೋಯ್ತಮ್ಮ. ಏನಾದ್ರೂ ಮಾತಾಡಿ ನೋಡೋಣ" ಎಂದು ಅಂಗಡಿಯವರು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಊಟ ಆಯ್ತಾ?" ಎಂದೆ.

"ಆಯ್ತಮ್ಮ" ಎಂದರು ಅವರು.

ನಾನು ಕೇಳಿದ್ದು ಅವರನ್ನಲ್ಲ ಎಂದು ಹೇಳಲಿಲ್ಲ. ಬಸ್ ಸ್ಟಾಪಿನವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ನಡೆದೆ.