ಗಯಾದಲ್ಲಿ ಬಿಟ್ಟ ಹಾಗಲಕಾಯಿ, ಬಿಡದ ಕೆಂಬಾಳೆ

ಕಲಬುರಗಿಯಲ್ಲಿ ಬಿಸಿಲಿಗೆ ಯಾವ ತಿಂಗಳಲ್ಲೂ ಬರವಿಲ್ಲ. ಹಾಗಾಗಿ ಆ ದಿನಗಳಲ್ಲಿ ನಮ್ಮ ಗಾಜಿಪುರ ಬಡಾವಣೆಯ ಮನೆಯ ಮಕ್ಕಳಿಗೆ ಬೇಸಿಗೆ ಶುರುವಾಗುತ್ತಿದ್ದುದು ಕಮಲಾಪುರದ ಅಜ್ಜ ಬಂದ ದಿನ. ಅವನು ನನ್ನ ಅಜ್ಜಿಯ ತಮ್ಮ. ಕಮಲಾಪುರದಲ್ಲಿ ಕೆಂಬಾಳೆಯ ತೋಟ ಮಾಡಿಕೊಂಡಿದ್ದ. ಗೋಣಿಚೀಲದಲ್ಲಿ ಸುತ್ತಿದ ಗೊನೆಯನ್ನು ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಕಂಡಕ್ಟರ್ ಅದಕ್ಕೂ ಟಿಕೀಟು ಕೇಳಿದನೆಂದು ಪ್ರತಿ ಸಲವೂ ಜಗಳದ ಕತೆ ಹೇಳುತ್ತಿದ್ದ.

ಅಜ್ಜಿ ಗೊನೆಯನ್ನು ಕತ್ತಲ ಕೋಣೆಯಲ್ಲಿ ಹುಲ್ಲು ಹಾಸಿ, ಹಣ್ಣಾಗಲೆಂದು ಅಡಿ ಹಾಕುತ್ತಿದ್ದಳು. ಕೋಣೆಯ ಹೊರಗೆ ಹುಣಸೆ ಬೀಜ ಹಿಡಿದು ಚೌಕಾಬಾರ ಆಡುತ್ತಿದ್ದ ನಮಗೆ ಹಣ್ಣಿನ ವಾಸನೆ ಬಂದರೆ ಆಟದ ಮೇಲೆ ಗಮನವೇ ಇರುತ್ತಿರಲಿಲ್ಲ. ಹಣ್ಣು ಕೈಗೆ ಮೆತ್ತಗಾದ ದಿನ ಸೀಕರಣಿ. ಹಣ್ಣು ಕಿವುಚಿ, ತಣ್ಣನೆಯ ಹಾಲು, ಏಲಕ್ಕಿ, ಚೂರು ಸಕ್ಕರೆ ಹಾಕಿ, ಅದಕ್ಕೆ ತುಪ್ಪ ಸವರಿದ ಬಿಸಿ ಚಪಾತಿ. ಅಜ್ಜಿ ಎಲ್ಲರಿಗೂ ಬಡಿಸಿ, ಕೊನೆಗೆ ತಮ್ಮನ ಎದುರು ಕೂತು ತಿನ್ನುತ್ತಿದ್ದಳು. ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುತ್ತ ತವರಿನ ಸುದ್ದಿ ಕೇಳುತ್ತಿದ್ದಳು. ಅವಳ ತವರೆಂದರೆ ಆ ಬಟ್ಟಲು ಮತ್ತು ಎದುರಿಗೆ ಕೂತ ಆ ತಮ್ಮ, ಅಷ್ಟೇ.

ಇಲ್ಲಿ ಗಯಾದ ವಿಷಯ ಹೇಳಬೇಕು. ನಮ್ಮ ಮಂದಿ ಗಯಾಕ್ಕೆ ಹೋಗಿ ಹಿರಿಯರಿಗೆ ಪಿಂಡ ಇಟ್ಟರೆ, ಅಲ್ಲಿ ಒಂದು ಹಣ್ಣು, ಒಂದು ಕಾಯಿಪಲ್ಯ ಬಿಟ್ಟು ಬರಬೇಕು. ಬಿಟ್ಟದ್ದನ್ನು ಸಾಯುವ ತನಕ ಬಾಯಿಗಿಡುವಂತಿಲ್ಲ. ಪ್ರೀತಿಯದನ್ನೇ ಬಿಡಬೇಕೆನ್ನುವುದು ಶಾಸ್ತ್ರ. ನಮ್ಮಜ್ಜಿ ಶಾಸ್ತ್ರಕ್ಕಿಂತ ಜಾಣೆ. ಹಾಗಲಕಾಯಿ ಮತ್ತು ನೇರಳೆ ಹಣ್ಣು ಬಿಟ್ಟು ಬಂದಳು. ಎರಡೂ ಅವಳಿಗೆ ಕಂಡರಾಗುತ್ತಿರಲಿಲ್ಲ. ದೇವರಿಗೇ ಚಳ್ಳೆಹಣ್ಣು ತಿನ್ನಿಸಿ ಬಂದಾಳ ಎಂದು ಅವಳ ಗಂಡ, ಅಂದರೆ ನಮ್ಮಜ್ಜ, ಬದುಕಿರುವ ತನಕ ಕಾಡಿಸುತ್ತಿದ್ದನಂತೆ.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಜ್ಜಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಅದೇ ಸುಮಾರಿಗೆ ಅಪ್ಪನ ಕಚೇರಿಯ ಗೆಳೆಯ, ಶರಣಸಿರಸಗಿಯವನು, ಇದೇ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡಿದ್ದ. ಅಪ್ಪ ಆಸ್ಪತ್ರೆಗೆ ಹೋಗಿ ನೋಡಿ ಬಂದವನು ಆ ದಿನ ಊಟಕ್ಕೆ ಏಳಲಿಲ್ಲ. ಅಜ್ಜಿಯ ಪಾದಗಳನ್ನು ತಿರುವಿ ತಿರುವಿ ನೋಡುತ್ತಿದ್ದ. ಮರುದಿನದಿಂದ ಬೆಲ್ಲದ ಡಬ್ಬಿ ಅಟ್ಟ ಸೇರಿತು. ಡಾಕ್ಟರು ಬಾಳೆಹಣ್ಣು ಪೂರಾ ಬಂದ್ ಎಂದಿದ್ದಾರೆಂದು ಅಪ್ಪ ಸಾರಿದ. ಮನೆಯಲ್ಲಿದ್ದರೆ ಅಜ್ಜಿಗೆ ಆಸೆಯಾಗುತ್ತದೆಂದು ನಮಗೂ ಬಂದ್ ಆಯಿತು. ಊರವರು ಹೇಳಿದ ಮದ್ದೆಲ್ಲ ಮನೆಗೆ ಬಂತು. ಯಾವ ಮದ್ದು? ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ನೇರಳೆ ಬೀಜದ ಪುಡಿ.

ಅಜ್ಜಿ ಬಾಯಿ ಬಿಗಿಹಿಡಿದಳು. ತಾನು ಅದನ್ನು ಕುಡಿದರೆ ಅತ್ತೆ ಮಾವನಿಗೆ ಇಟ್ಟ ಪಿಂಡ ಮಣ್ಣುಪಾಲಾಗುತ್ತದೆ ಎಂದಳು. ಅಪ್ಪ ಪುರೋಹಿತರನ್ನು ಕರೆಸಿದ. ಅವರು ಕಾಫಿ ಕುಡಿದು, ಔಷಧಕ್ಕೆ ದೋಷವಿಲ್ಲ ಎಂದು ಅಪ್ಪಣೆ ಕೊಟ್ಟರು. ಹಾಗಾದರೆ ಬಾಳೆಹಣ್ಣನ್ನೂ ಔಷಧವೆಂದೇ ಕೊಡಿಸಿರೆಂದು ಅಜ್ಜಿ ಕೇಳಿದಳು. ಪುರೋಹಿತರು ನಕ್ಕರು, ಅಪ್ಪ ನಗಲಿಲ್ಲ. ಆಗ ಅಜ್ಜಿ ಅವನನ್ನೇ ನೋಡಿ ಹೇಳಿದಳು:

"ಗಯಾದಾಗ ಬಿಟ್ಟದ್ದನ್ನ ಕುಡಿ ಅಂತಿ. ಬಿಡದಿದ್ದದ್ದನ್ನ ಬಿಡು ಅಂತಿ. ಮತ್ತ ನನಗ ಉಳೀತೇನಪಾ?"

"ನೀ ಉಳೀತಿಯಲ್ಲವ್ವ," ಅಂದ ಅಪ್ಪ. "ನನಗ ಅಷ್ಟ ಸಾಕು."

ಮಗನ ಕಣ್ಣಲ್ಲಿ ನೀರು ಕಂಡು ಸೋತಳು. ಪ್ರತಿ ಬೆಳಿಗ್ಗೆ ಹಸಿರು ಲೋಟ ಹಿಡಿದು ಹಿತ್ತಿಲಿಗೆ ಹೋಗಿ, ತುಳಸಿಗೆ ಬೆನ್ನು ಮಾಡಿ ನಿಂತು ಕುಡಿಯುತ್ತಿದ್ದಳು. ದೇವರಿಗೆ ಕಾಣಬಾರದೆಂದು.

ಆ ಬೇಸಿಗೆಯಲ್ಲೂ ಕಮಲಾಪುರದ ಅಜ್ಜ ಗೊನೆ ಹೊತ್ತು ಬಂದ. ಅಪ್ಪ ಅವನನ್ನು ಹೊಸ್ತಿಲಲ್ಲೇ ತಡೆದು, ತನ್ನ ಕಾಲು ಮುಟ್ಟಿ ತೋರಿಸುತ್ತ ಗೆಳೆಯನ ಪಾದದ ಕತೆ ಹೇಳಿದ. ಗೊನೆ ಹಾಗೇ ಓಣಿಯ ಮನೆಗಳಿಗೆ ಹಂಚಿಹೋಯಿತು. ಒಳಗೆ ಬಂದ ಅಜ್ಜನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅಕ್ಕನ ಎದುರು ಕೂತು ಬರೀ ಚಹಾ ಕುಡಿದ. ಮುಂದಿನ ವರ್ಷ ಅವನು ಬರಲಿಲ್ಲ. ಬಾ ಎಂದು ಹೇಳಿ ಕಳಿಸಿದರೆ ಬಂದ ಉತ್ತರ ಇಷ್ಟೇ: "ಬರಿಗೈಲೆ ಅಕ್ಕನ ಮನಿಗೆ ಹೆಂಗ ಬರ್ಲಿ?"

ಹಣ್ಣಿನ ಜೊತೆ ತಮ್ಮನೂ ಬಂದ್ ಆದ. ಅಜ್ಜಿ ಆಮೇಲೂ ಕೆಲವು ವರ್ಷ ಬದುಕಿದಳು. ಅವಳ ಸಕ್ಕರೆ ಹತೋಟಿಯಲ್ಲಿದೆಯೆಂದು ಅಪ್ಪ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಅದು ನಿಜವೇ. ಪಾದಗಳೂ ಕಡೆಯ ತನಕ ಚೆನ್ನಾಗಿದ್ದವು. ಆದರೆ ಊಟಕ್ಕೆ ಏನು ಮಾಡಲಿ ಎಂದು ಕೇಳಿದರೆ, ಏನರೆ ಮಾಡ್ರಿ ಅನ್ನುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೂ ರುಚಿ ಹೇಳಿಕೊಟ್ಟ ಹೆಂಗಸು ಅವಳು.

ಅವಳು ಹೋದಾಗ ಕಮಲಾಪುರದ ಅಜ್ಜ ಬಂದ, ಗೊನೆ ಸಮೇತ. ಈ ಸಲ ಅಪ್ಪ ತಡೆಯಲಿಲ್ಲ. ಸತ್ತವರಿಗೆ ಪ್ರಿಯವಾದದ್ದನ್ನು ಬ್ರಾಹ್ಮಣರ ಎಲೆಗೆ ಬಡಿಸಬೇಕಲ್ಲ! ಅಪ್ಪನೇ ತನ್ನ ಕೈಯಾರೆ ಹಣ್ಣು ಸುಲಿದು ಎಲೆಗಿಟ್ಟ, ಸಾಕೆಂದರೂ ಮತ್ತೊಂದು ಇಟ್ಟ. ಪುರೋಹಿತರು ತೇಗಿದರು. ನನಗೆ ಆ ತೇಗಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ನನಗೂ ಸಕ್ಕರೆ ಬಂದಿದೆ. ಬಾಳೆಹಣ್ಣು ಒಮ್ಮೊಮ್ಮೆ ಅರ್ಧ ತಿನ್ನಿ, ಅಳತೆ ಇರಲಿ ಎಂದರು ಡಾಕ್ಟರಮ್ಮ. ಹೋದ ವಾರ ಕಮಲಾಪುರಕ್ಕೆ ಹೋಗಿದ್ದೆ. ಅಜ್ಜನೂ ಇಲ್ಲ, ಅವನ ತೋಟವೂ ಇಲ್ಲ. ರಸ್ತೆ ಬದಿಯ ಬಂಡಿಯಲ್ಲಿ ಹಣ್ಣು ಕೊಂಡು ತಂದು, ಮನೆಯಲ್ಲಿ ಒಂದನ್ನು ಎರಡು ಮಾಡಿ ನನ್ನ ಅರ್ಧ ತಿಂದೆ. ಅದೇ ಹಣ್ಣು, ಅದೇ ವಾಸನೆ. ಬಾಯಲ್ಲಿ ಹಣ್ಣಿದ್ದರೂ ನಾಳೆಯ ರಕ್ತಪರೀಕ್ಷೆಯದೇ ಯೋಚನೆ. ಬೆರಳು ನೆಕ್ಕುವಂಥ ತಿನ್ನುವಿಕೆ ನಮ್ಮ ಮನೆಯಿಂದ ಎಂದೋ ಎದ್ದುಹೋಗಿದೆ.

ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ, ಎಂಬತ್ತು ದಾಟಿದೆ. ಡಾಕ್ಟರಮ್ಮನ ಮಾತು ಹೇಳಿದೆ. ತಟ್ಟೆಯಲ್ಲಿ ಉಳಿದ ಅರ್ಧವನ್ನು ನೋಡುತ್ತ ಕೂತಿದ್ದವನು ಮೆಲ್ಲಗೆ ಅಂದ:

"ಆಗಿನ ಡಾಕ್ಟರೂ ಹಂಗ ಅಂದಿದ್ರು. ಅರ್ಧಾ ಕೊಡ್ರಿ ಅಂತ. ಅರ್ಧಕ್ಕ ಅಕಿ ಕೈ ನಿಲ್ಲಂಗಿಲ್ಲ ಅಂತ ಅಂಜಿ, ನಾನ ಪೂರಾ ಬಂದ್ ಮಾಡ್ದೆ."

ಕಮಲಾಪುರದ ಅಜ್ಜ ಪ್ರತಿ ಬೇಸಿಗೆ ನಮ್ಮ ಹೊಸ್ತಿಲು ದಾಟಿ ಬರಲು ಅರ್ಧ ಹಣ್ಣು ಸಾಕಿತ್ತು.

ತಟ್ಟೆಯ ಹಣ್ಣು ಕಪ್ಪಾಗತೊಡಗಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ತಿನ್ನು ಎಂದು ನಾನೂ ಹೇಳಲಿಲ್ಲ.