ಲಕ್ಷ್ಮಿ ಇಲ್ಲದ ತಾವರೆ

ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ರೇಗುತ್ತದೆ. ಶುಕ್ರವಾರ ಬೆಳಿಗ್ಗೆ ಅಮ್ಮ ದೇವರ ಪಟಗಳನ್ನು ಒರೆಸುತ್ತಿದ್ದದ್ದು ಅಂಥ ಬಟ್ಟೆಯಲ್ಲೇ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮದು ಬಾಡಿಗೆ ಮನೆ. ಗೋಡೆಗೆ ಹೊಸ ಮೊಳೆ ಹೊಡೆಯಕೂಡದೆಂದು ಓನರ್ ಕಟ್ಟಪ್ಪಣೆ ಮಾಡಿದ್ದರು. ಇದ್ದ ಮೊಳೆಗಳೆಲ್ಲ ದೇವರ ಮೂಲೆಯಲ್ಲಿ. ಹಾಗಾಗಿ ಅಪ್ಪನ ಜಪಾನಿ ತಾವರೆಯ ಪಟವೂ ವೆಂಕಟರಮಣನ ಪಕ್ಕದಲ್ಲೇ ತೂಗಿತು.

ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಮೊದಲು ವಿಜಯವಾಡಕ್ಕೆ ಬಂದಿದ್ದ ಅಪ್ಪ, ಅಲ್ಲಿನ ಒನ್ ಟೌನ್ ಪೇಟೆಯ ಹಳೇ ಪೇಪರ್ ಅಂಗಡಿಯಲ್ಲಿ ಆ ಫೋಟೊ ಹುಡುಕಿ ತಂದಿದ್ದರು. ಬಣ್ಣದ ಫಿಲ್ಮೇ ಇಲ್ಲದ ಕಾಲದ್ದು. ಕಪ್ಪುಬಿಳುಪು ಹೂವಿನ ಮೇಲೆ ಜಪಾನಿನ ಯಾರೋ ಪುಣ್ಯಾತ್ಮ ಸಣ್ಣ ಕುಂಚದಿಂದ ನೀರುಬಣ್ಣ ಹಚ್ಚಿದ್ದ. ಎಸಳಿನ ತುದಿಯಲ್ಲಿ ಗಾಢ ಗುಲಾಬಿ, ಇಳಿಯುತ್ತಾ ತೆಳುವಾಗಿ, ಬುಡದಲ್ಲಿ ಹಾಲಿನ ಬಿಳುಪು; ಕೆಳಗೆ ಹಸಿರು ಬಳಿದ ಅಗಲ ಎಲೆ. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ ಕೊರೆಯುತ್ತಿದ್ದರು. ಅಷ್ಟರಲ್ಲಿ ಅವರ ಕಾಫಿ ಆರಿಹೋಗುತ್ತಿತ್ತು. ಅಮ್ಮನದು ಒಂದೇ ತಕರಾರು. "ಲಕ್ಷ್ಮಿ ಇಲ್ದೆ ಬರೀ ತಾವರೆ ಇಟ್ಕೊಂಡು ಏನ್ ಮಾಡೋದು? ಎದ್ದು ಎಲ್ಲಿಗೆ ಹೋದಳಂತೆ?" ಹಾಗೆಂದರೂ ಅದರ ಚೌಕಟ್ಟಿಗೂ ಕುಂಕುಮ ಇಡುತ್ತಿದ್ದಳು. ದೇವರ ಸಾಲಿನಲ್ಲಿ ಒಂದಕ್ಕೆ ಮಾತ್ರ ತಪ್ಪಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ವಿಜಯವಾಡದಿಂದ ಲಾರಿಯಲ್ಲಿ ಬರುವಾಗ ಅದರ ಗಾಜು ಒಡೆದಿತ್ತು. ನಾಳೆ ಹಾಕಿಸುತ್ತೇನೆಂದು ಅಪ್ಪ ತಿಂಗಳುಗಟ್ಟಲೆ ತಳ್ಳಿದರು. ಅಲ್ಲಿಯವರೆಗೆ ಅಮ್ಮ ಅದರ ಚೌಕಟ್ಟನ್ನಷ್ಟೇ ಒರೆಸುತ್ತಿದ್ದಳು. ಒಂದು ಶುಕ್ರವಾರ ಕುಂಕುಮ ಹೂವಿನ ಮೇಲೆ ಉದುರಿತು. ಅಮ್ಮ ಅಭ್ಯಾಸಬಲದಿಂದ ಒದ್ದೆ ಬಟ್ಟೆಯಲ್ಲಿ ಗಸಗಸ ಒರೆಸಿಬಿಟ್ಟಳು. ಗುಲಾಬಿಯೆಲ್ಲ ಬಟ್ಟೆಗೆ ಬಂತು. ಹೂವು ಬೂದಿಯ ಬಣ್ಣವಾಯಿತು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಅಪ್ಪಂಗೆ ಹೇಳ್ಬೇಡ ಕಣೇ, ನನ್ನಾಣೆ" ಎಂದಳು. ಗುಲಾಬಿ ಹತ್ತಿದ ಬಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡಳು.

ಸಂಜೆ ಅಪ್ಪ ಕೇಳಿದಾಗ ಅಮ್ಮನ ಉತ್ತರ ಸಿದ್ಧವಾಗಿತ್ತು. "ಸಮುದ್ರದ ಗಾಳಿ ರೀ. ಕಬ್ಬಿಣಾನೇ ತಿನ್ನತ್ತೆ, ಬಣ್ಣ ಬಿಡತ್ತಾ?" ಅಪ್ಪ ಪಟವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದರು. ಆಮೇಲೆ ಹಿಡಿದರು ನೋಡಿ ಒಂದು ಜಪ. ಬೀಗ ತುಕ್ಕು ಹಿಡಿದರೆ ಸಮುದ್ರದ ಗಾಳಿ, ಹಪ್ಪಳ ಮೆತ್ತಗಾದರೆ ಸಮುದ್ರದ ಗಾಳಿ. ರಿಟೈರಾಗಿ ಮೈಸೂರಿಗೆ ವಾಪಸಾದ ಮೇಲೂ ಅದೇ. ಅಲ್ಲಿ ಯಾವ ಸಮುದ್ರ? ಪ್ರತಿ ಸಲವೂ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಆಣೆ ಹೊತ್ತ ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ.

ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮೇಲೆ, ಇನ್ನು ತಡೆಯಲಾರದೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು ಕಣಮ್ಮ," ಎಂದರು. "ಗಾಳಿ ಎಲೆ ಬಿಟ್ಟು ಬರೀ ಹೂವು ಒರೆಸ್ಕೊಂಡು ಹೋಗತ್ತಾ?"

"ಮತ್ತೆ ಅವಳಿಗ್ಯಾಕೆ ಹೇಳಲಿಲ್ಲ?"

"ಅವಳೇ ಹೇಳ್ತಾಳೆ ಅಂತ ಕಾದೆ. ಹೇಳ್ಲಿ ಅಂತಾನೇ ಕೆಣಕ್ತಿದ್ದೆ."

ಎಂಥ ಜನ ಇವರು! ಒಂದು ಮಾತು, ಇಬ್ಬರಲ್ಲಿ ಒಬ್ಬರು ಆಡಿದ್ದರೆ ಸಾಕಿತ್ತು. ಅಮ್ಮ ಹೆದರಿಕೊಂಡೇ ಹೋದಳು. ನಿಮ್ಮ ಮನೆಯಲ್ಲೂ ಇಂಥವರಿದ್ದಿರಬಹುದು. ಇಬ್ಬರನ್ನೂ ಎದುರು ಕೂರಿಸಿಕೊಂಡು ಚೆನ್ನಾಗಿ ಬೈಯಬೇಕೆನಿಸುತ್ತದೆ. ಈಗ ಅಪ್ಪನೂ ಇಲ್ಲ.