ಮಾವ ಹಿಂದೆ ತಿರುಗಿ ನೋಡದ ದಿನ

ನನ್ನ ಸೋದರತ್ತೆಯ ಮನೆಯ ಗೋಡೆಯ ಮೇಲೆ ಫೋಟೋಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಮಾವನ ಮುಖ ಹುಡುಕಲು ಹೊರಟರೆ ಕಣ್ಣು ನೋವು ಬರುತ್ತದೆ, ಅಷ್ಟೆ. ಮದುವೆಯ ಫೋಟೋದಲ್ಲಿ ಅತ್ತೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ. ಪಕ್ಕದಲ್ಲಿ ಮಾವನ ಕಿವಿಯಿದೆ. ಮಗಳು ಹುಟ್ಟಿದಾಗ ತೆಗೆಸಿದ್ದರಲ್ಲಿ ಮಗು, ಅತ್ತೆ, ಕಿವಿ. ನಿವೃತ್ತಿಯ ದಿನ ಸಾಹೇಬರು ನಗುನಗುತ್ತ ಕೈಕುಲುಕಿದ್ದೂ ಕಿವಿಗೇ. ಗೊತ್ತಿಲ್ಲದವರು, ಪಾಪ, ನಾಚಿಕೆಯ ಮನುಷ್ಯ ಅಂದುಕೊಳ್ಳುತ್ತಾರೆ. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಮಾವ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದವನು.

ಗೂಡ್ಸ್ ಗಾಡಿ ಓಡಿಸುವವನು ಮುಂದೆ ಎಷ್ಟು ನೋಡಬೇಕೋ ಹಿಂದೆಯೂ ಅಷ್ಟೇ ನೋಡಬೇಕು. ಉದ್ದಕ್ಕೆ ಕಟ್ಟಿದ ವ್ಯಾಗನ್ನುಗಳಲ್ಲಿ ಯಾವುದರ ಚಕ್ರ ಹೊಗೆಯಾಡುತ್ತಿದೆ, ಎಲ್ಲಿ ಕೊಂಡಿ ಕಳಚಿದೆ, ಕೊನೆಯ ಡಬ್ಬಿಯಲ್ಲಿ ಗಾರ್ಡ್ ಯಾವ ಬಾವುಟ ತೋರಿಸುತ್ತಿದ್ದಾನೆ ಎಂದು ಕತ್ತು ಹೊರಗೆ ಹಾಕಿ ತಿರುಗಿ ತಿರುಗಿ ನೋಡಬೇಕು. ಈ ಚಾಳಿ ಮಾವನ ಕತ್ತಿಗೇ ಅಂಟಿಕೊಂಡಿತು. ಬೀದಿಯಲ್ಲಿ ಹೊರಟರೆ ತಾನು ಮುಂದೆ, ಹಿಂದೆ ಅತ್ತೆ, ಮಗಳು, ಚೀಲಗಳು. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ, ಎಲ್ಲ ಬರುತ್ತಿದೆಯೇ ಎಂದು ನೋಡುವುದು. ಒಬ್ಬನೇ ತರಕಾರಿಗೆ ಹೋದಾಗಲೂ ನೋಡುತ್ತಿದ್ದ.

ಇನ್ನೊಂದು ಚಾಳಿ, ನಿಧಾನ. ಭಾರದ ಗಾಡಿಯನ್ನು ಒಮ್ಮೆಲೇ ಎಳೆದರೆ ಕೊಂಡಿ ಕಿತ್ತುಬರುತ್ತದೆ. ಹಬೆಯನ್ನು ಚೂರು ಚೂರೇ ಬಿಟ್ಟು, ಒಂದೊಂದು ವ್ಯಾಗನ್ನಿನ ಕೊಂಡಿಯನ್ನೂ ಬಿಗಿ ಮಾಡಿಕೊಳ್ಳುತ್ತ ಹೊರಡಬೇಕು. ಮಾವ ಗಾಡಿ ಬಿಟ್ಟರೆ ಹಿಂದಿನ ಡಬ್ಬಿಯಲ್ಲಿ ಗಾರ್ಡಿನ ಲೋಟದ ಚಹಾ ಕೂಡ ಕದಲುವುದಿಲ್ಲ ಎಂದು ಎಂಜಿನ್ ಶೆಡ್ಡಿನಲ್ಲೆಲ್ಲ ಹೆಸರಿತ್ತು. ಮನೆಯಲ್ಲಿ ಮಾತ್ರ ಆ ಹೆಸರಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಊಟಕ್ಕೆ ಕರೆದರೆ ಮಾವ ಮೊದಲು ಕನ್ನಡಕ ತೆಗೆಯುತ್ತಿದ್ದ, ಆಮೇಲೆ ಕಾಲು ನೀಡುತ್ತಿದ್ದ, ಆಮೇಲೆ ಕುರ್ಚಿಯ ಕೈ ಹಿಡಿಯುತ್ತಿದ್ದ. ಅಷ್ಟರಲ್ಲಿ ತಟ್ಟೆಯಲ್ಲಿ ಬಡಿಸಿದ್ದು ತಣ್ಣಗಾಗಿರುತ್ತಿತ್ತು. “ಬೇಗ ಏಳ್ರೀ, ನಿಮ್ಮ ಬೆನ್ನಿಗೆ ಯಾವ ವ್ಯಾಗನ್ನೂ ಕಟ್ಟಿಲ್ಲ!” ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಳು.

ಮಾವನ ಎಂಜಿನ್ನಿಗೆ ‘ಎಮ್ಮೆ’ ಎಂದು ಹೆಸರಿಟ್ಟವಳೂ ಅತ್ತೆಯೇ. ಕಪ್ಪಗೆ, ದಪ್ಪಗೆ, ಯಾರು ಬೈದರೂ ತನ್ನದೇ ನಡಿಗೆ. ಪ್ಯಾಸೆಂಜರ್ ಎಂಜಿನ್ನುಗಳನ್ನು ಒರೆಸಿ ಹೊಳಪಿಡಲು ಜನರಿದ್ದರು. ಎಮ್ಮೆಗೆ ಮಳೆ ಬಂದರೇ ಸ್ನಾನ. ಬೆಟ್ಟದ ಏರಿನಲ್ಲಿ ಅದಿರು ಎಳೆದದ್ದು, ಸಿಮೆಂಟು, ಉಪ್ಪು ಎಳೆದದ್ದು, ಪ್ಯಾಸೆಂಜರ್ ಗಾಡಿ ಗತ್ತಿನಿಂದ ಹೋಗಲಿ ಎಂದು ಪಕ್ಕದ ಹಳಿಯಲ್ಲಿ ಬಿಸಿಲಲ್ಲಿ ನಿಂತದ್ದು, ಇದೇ ಅದರ ಆಯುಷ್ಯವೆಲ್ಲ. ಹೆಸರು ಕೇಳಿ ಮಾವನಿಗೆ ಬೇಸರವಾಗಲಿಲ್ಲ. “ಎಮ್ಮೆ ಅಂದ್ರೆ ಸುಮ್ನೇನಾ?” ಅಂದ.

ಅತ್ತೆಯ ಸಂಕಟ ಬೇರೆಯೇ ಇತ್ತು. ಪಕ್ಕದ ಮನೆಯವಳ ಗಂಡ ಪ್ಯಾಸೆಂಜರ್ ಡ್ರೈವರ್. ಅವಳು ತವರಿಗೆ ಹೋಗುವಾಗ ಗಂಡ ಓಡಿಸುವ ಗಾಡಿಯಲ್ಲೇ ಹೋಗಿ, ಬಂದ ಮೇಲೆ ವಾರಗಟ್ಟಲೆ ಅದನ್ನೇ ಹೇಳುತ್ತಿದ್ದಳು. ಅತ್ತೆ ಕೇಳಿಸಿಕೊಂಡು ಬಂದು ಮಾವನ ಮೇಲೆ ಹರಿಹಾಯುತ್ತಿದ್ದಳು. “ಕಲ್ಲು ಕೂರಿಸ್ಕೊಂಡು ಹೋದ್ರಿ, ಉಪ್ಪು ಕೂರಿಸ್ಕೊಂಡು ಹೋದ್ರಿ. ಹೋದ ತಿಂಗಳು ಕುರೀನೂ ಕರ್ಕೊಂಡು ಹೋದ್ರಂತೆ. ನಾನೇನು ಕುರಿಗಿಂತ ಕಡೆನಾ?”

“ಗೂಡ್ಸಲ್ಲಿ ಹೆಂಗಸರನ್ನ ಹತ್ತಿಸೋ ಹಾಗಿಲ್ಲ ಕಣೇ.”

“ಕುರಿ ಏನು ಗಂಡಸಾ?”

ಮಾವನಿಗೆ ಉತ್ತರ ಹೊಳೆಯುವ ಹೊತ್ತಿಗೆ ಅತ್ತೆ ಪಾತ್ರೆ ತೊಳೆದು ಮುಗಿಸಿರುತ್ತಿದ್ದಳು.

ಡೀಸೆಲ್ ಬಂತು. ಎಮ್ಮೆಯನ್ನು ಶೆಡ್ಡಿನ ಹಿಂದೆ ಮುಳ್ಳುಕಂಟಿಯ ನಡುವೆ ನೂಕಿದರು. ನಿವೃತ್ತನಾದ ಮೇಲೂ ಮಾವ ಎಣ್ಣೆಯ ಡಬ್ಬ ಹಿಡಿದು ಅಲ್ಲಿಗೆ ಹೋಗುತ್ತಿದ್ದ. ಗುಜರಿಯವರ ಕಣ್ಣು ಬಿದ್ದಾಗ ಅದನ್ನು ಉಳಿಸಿದ್ದು ಹಳೆಯ ಎಂಜಿನ್ನುಗಳ ಹುಚ್ಚು ಹತ್ತಿದ್ದ ಒಂದು ಸಂಘ. ಅದರ ಅಧ್ಯಕ್ಷರು ಹಲ್ಲಿನ ಡಾಕ್ಟರು. ತುಕ್ಕು ಕೆರೆದು, ಕೊಳವೆ ಬದಲಿಸಿ, ವರ್ಷಗಟ್ಟಲೆ ಒದ್ದಾಡಿ ಕೊನೆಗೆ ಎಮ್ಮೆಗೆ ಜೀವ ಬರಿಸಿದರು. ಆದರೆ ಬಾಯ್ಲರಿನಲ್ಲಿ ಬೆಂಕಿ ಹಾಕಲು ಅಪ್ಪಣೆ ಸಿಕ್ಕಿದ್ದು ಒಂದೇ ಒಂದು ದಿನಕ್ಕೆ. ಹೊಳೆಯ ದಂಡೆಯ ತನಕ ಹೋಗಿ ಬರುವುದು, ಆಮೇಲೆ ಮ್ಯೂಸಿಯಮ್ಮಿನಲ್ಲಿ ಶಾಶ್ವತವಾಗಿ ತಣ್ಣಗೆ ನಿಲ್ಲುವುದು. ಓಡಿಸುವವನು ಮಾವ, ಕಲ್ಲಿದ್ದಲು ಹಾಕುವವನು ಅವನ ಹಳೆಯ ಫೈರ್‌ಮನ್, ಎಲ್ಲರೂ ‘ಸಲಿಕೆ’ ಎಂದು ಕರೆಯುವ ಮುದುಕ. ಹಿಂದೆ ಒಂದು ಗಾರ್ಡ್ ಡಬ್ಬಿ, ಅದರಲ್ಲಿ ಅತಿಥಿಗಳು.

ಅತ್ತೆಯೂ ಅತಿಥಿ. ಜೀವಮಾನದಲ್ಲಿ ಒಮ್ಮೆಯಾದರೂ ಗಂಡ ಎಳೆಯುವ ಗಾಡಿಯಲ್ಲಿ ಕೂರಬೇಕೆಂಬ ಆಸೆಗೆ ಇದೊಂದೇ ಅವಕಾಶ. ಅವಳು ಬಿಳಿಯ ಹೊಸ ಬಟ್ಟೆ ತೊಟ್ಟು ಬೆಳಿಗ್ಗೆಯೇ ತಯಾರಾಗಿದ್ದಳು. ಬಾಗಿಲಲ್ಲಿ ಮಾವನನ್ನು ನಿಲ್ಲಿಸಿ ಹೇಳಿದಳು: “ಇವತ್ತು ಫೋಟೋ ತೆಗೀತಾರೆ. ಒಂದು ಫೋಟೋದಲ್ಲಾದ್ರೂ ನಿಮಗೆ ಮುಖ ಇರ್ಲಿ. ಹಿಂದೆ ತಿರುಗಿದ್ರೆ ನೋಡಿ ಮತ್ತೆ! ನಾನು ಡಬ್ಬೀಲೇ ಇರ್ತೀನಿ, ಎಲ್ಲೂ ಓಡಿ ಹೋಗಲ್ಲ.”

ಮಾವ ಹೂಂ ಅಂದ. ಅಷ್ಟು ವರ್ಷ ಅತ್ತೆಯ ಒಂದು ಮಾತೂ ಕೇಳದವನು ಅವತ್ತು ಕೇಳಿಬಿಟ್ಟ.

ಭಾಷಣಕ್ಕೆ ಮುಂಚೆ ಫೋಟೋಗ್ರಾಫರ್, ಎಂಜಿನ್ ಒಂದೇ ನಿಂತಿರುವ ಚಿತ್ರ ಬೇಕು ಅಂದಿದ್ದ. ಡಾಕ್ಟರು ತಾವೇ ಕೊಂಡಿ ಕಳಚಿಸಿ ಎಮ್ಮೆಯನ್ನು ತುಸು ಮುಂದೆ ನಿಲ್ಲಿಸಿದರು, ಚಿತ್ರ ತೆಗೆದ ಮೇಲೆ ಹಿಂದಕ್ಕೆ ತರಿಸಿದರು, ಕೊಂಡಿ ಹಾಕಿಸಬೇಕು ಅನ್ನುವಷ್ಟರಲ್ಲಿ ಮೈಕಿನವರು ಕರೆದರು. ಮೈಕು ಕಂಡರೆ ಡಾಕ್ಟರಿಗೆ ಮಿಕ್ಕದ್ದೆಲ್ಲ ಮರೆತುಹೋಗುತ್ತದೆ.

ಡಬ್ಬಿಯಲ್ಲಿ ಅತ್ತೆಯ ಪಕ್ಕದಲ್ಲಿ ನಾನಿದ್ದೆ. ಸಿಳ್ಳೆ ಕೇಳಿತು. ಅತ್ತೆ ಗಟ್ಟಿಯಾಗಿ ಕಂಬಿ ಹಿಡಿದು ಕಣ್ಣು ಮುಚ್ಚಿದಳು. ಮುಂದೆ ಭುಸ್ ಭುಸ್ ಎಂದು ಸದ್ದಾಯಿತು, ಹಬೆ ತುಂಬಿ ಏನೂ ಕಾಣದಾಯಿತು.

“ಎಷ್ಟು ಮೆತ್ತಗೆ ಓಡಿಸ್ತಾರೆ ನೋಡೇ,” ಅಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಒಂದು ಚೂರಾದ್ರೂ ಕುಲುಕುತ್ತಾ? ಗಾರ್ಡ್‌ಗಳು ಹೇಳಿದ್ರೆ ಸುಳ್ಳು ಅಂದ್ಕೊಂಡಿದ್ದೆ.”

ಹಬೆ ಚದುರಿತು. ಎದುರಿಗೆ ಮೊದಲಿದ್ದ ನೀರಿನ ನಲ್ಲಿಯೇ ಇತ್ತು.

“ಅತ್ತೆ, ನಾವು ಹೋಗ್ತಾ ಇಲ್ಲ,” ಅಂದೆ.

ಅತ್ತೆ ಕಣ್ಣು ಬಿಟ್ಟಳು. ದೂರದ ತಿರುವಿನಲ್ಲಿ ಎಮ್ಮೆ ಒಂದೇ, ಬಾಲವಿಲ್ಲದೆ, ಠೀವಿಯಿಂದ ಹೋಗುತ್ತಿತ್ತು. ಕಿಟಕಿಯಲ್ಲಿ ಮಾವ ಕತ್ತು ನೆಟ್ಟಗಿಟ್ಟುಕೊಂಡು ಮುಂದೆಯೇ ನೋಡುತ್ತಿದ್ದ. ನಮ್ಮ ಜೊತೆಗಿದ್ದ ಡಾಕ್ಟರ ಮುಖ ತಪ್ಪು ಹಲ್ಲು ಕಿತ್ತವರ ಹಾಗಾಯಿತು.

ಹೊಳೆಯ ದಂಡೆಯಲ್ಲಿ ನಡೆದದ್ದನ್ನು ಸಲಿಕೆ ಆಮೇಲೆ ಹೇಳಿದ. ಮಾವ ಗಾಡಿ ನಿಲ್ಲಿಸಿ, ಕೈ ಒರೆಸಿಕೊಂಡು, ಹೆಂಡತಿಯನ್ನು ತಾನೇ ಕೈಹಿಡಿದು ಇಳಿಸಬೇಕೆಂದು ಹಿಂದಕ್ಕೆ ಹೋದನಂತೆ. ಅಲ್ಲಿ ಖಾಲಿ ಹಳಿ ಕಂಡು, “ಸಲಿಕೆ, ಇವತ್ತು ಮನೆಗೆ ಹೋಗೋ ಹಾಗಿಲ್ಲ” ಅಂದನಂತೆ.

ಆದರೂ ಬಂದ. ಹಿಮ್ಮುಖವಾಗಿ, ನಿಧಾನವಾಗಿ. ಅತ್ತೆ ಯಾರೋ ಕೊಟ್ಟ ಚಹಾವನ್ನು ಪಕ್ಕದ ಹಲಗೆಯ ಮೇಲಿಟ್ಟು, ಡಬ್ಬಿಯಲ್ಲೇ ಕೈಕಟ್ಟಿ ಕಾದು ಕೂತಿದ್ದಳು. ಎಂಜಿನ್ ಡಬ್ಬಿಯನ್ನು ಮುಟ್ಟಿದ್ದು ನಮಗೆ ತಿಳಿದದ್ದು ಹೊರಗಿನವರು ಚಪ್ಪಾಳೆ ತಟ್ಟಿದ ಮೇಲೆ. ಅತ್ತೆ ಲೋಟವನ್ನೇ ನೋಡುತ್ತಿದ್ದಳು. ಚಹಾ ಕದಲಿರಲಿಲ್ಲ. ಅವಳ ಕೋಪ ಅರ್ಧ ಅಲ್ಲಿಯೇ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನರ್ಧವನ್ನು ಹೊತ್ತುಕೊಂಡು ಕೆಳಗಿಳಿದಳು.

“ನಾನು ಬರ್ತಾ ಇಲ್ಲ ಅನ್ನೋದು ನಿಮಗೆ ಗೊತ್ತೇ ಆಗ್ಲಿಲ್ವಾ?”

“ಒಂದು ಡಬ್ಬಿ ಭಾರ ಎಮ್ಮೆಗೆ ತಿಳಿಯಲ್ಲ ಕಣೇ. ನೀನೇ ಹಿಂದೆ ನೋಡ್ಬೇಡ ಅಂದೆ.”

“ಕೊನೇಗೂ ಒಂದು ಮಾತು ಕೇಳಿದ್ರಿ, ಅದೂ ಇದನ್ನ!”

ಡಾಕ್ಟರು ಮೊಣಕಾಲೂರಿ ಕೊಂಡಿ ಹಾಕಿ ಎರಡೆರಡು ಸಲ ಎಳೆದು ನೋಡಿದರು. ಅಷ್ಟರಲ್ಲಿ ಸಲಿಕೆ ತಲೆ ಕೆರೆದುಕೊಂಡ. “ಅಕ್ಕಾ, ಕಲ್ಲಿದ್ದಲು ತಳ ಕಂಡಿದೆ. ಹೋಗೋಕೆ ಸಾಕು. ಬರೋಕೆ ಆಗಲ್ಲ.”

“ಹೋಗೋಕೆ ಸಾಕು,” ಅಂದಳು ಅತ್ತೆ. ಡಬ್ಬಿಯ ಕಡೆ ಬರಲೇ ಇಲ್ಲ. ಬಿಳಿಯ ಬಟ್ಟೆಯನ್ನು ಎತ್ತಿಕಟ್ಟಿ, ಮಸಿ ಹಿಡಿದ ಮೆಟ್ಟಿಲು ಹತ್ತಿ ಎಂಜಿನ್ನಿನೊಳಗೆ ಮಾವನ ಪಕ್ಕ ನಿಂತಳು. ಬಟ್ಟೆ ಹಾಳಾಗುತ್ತದೆ ಎಂದು ಮಾವ ಗೊಣಗಿದ. “ಇಷ್ಟು ವರ್ಷ ನಿಮ್ಮ ಮಸಿ ಒಗೆದಿದೀನಿ. ನಾಳೆ ನೀವು ಒಗೀರಿ.”

ಎಮ್ಮೆ ಹೊರಟಿತು. ಈ ಸಲ ನಾವೂ ಹೊರಟೆವು. ತಿರುವು ಬರುತ್ತಿದ್ದಂತೆ ಕಿಟಕಿಯಿಂದ ಮಾವನ ತಲೆ ಹೊರಬಂದು ಹಿಂದಕ್ಕೆ ತಿರುಗಿತು. ಅತ್ತೆಯ ದನಿ ಡಬ್ಬಿಯ ತನಕ ಕೇಳಿಸಿತು: “ಮತ್ತೆ ಹಿಂದೆ ಏನ್ರೀ ನೋಡೋದು? ನಾನಿಲ್ಲೇ ಇದೀನಲ್ಲ!” ಮಾವ ಏನೋ ಹೇಳಿದ. ಆಗ ಅತ್ತೆಯ ತಲೆಯೂ ಹೊರಬಂದು ನಮ್ಮತ್ತ ತಿರುಗಿತು. ನಾನು ಮಾವನ ಮುಖವನ್ನು ಅಷ್ಟು ಹೊತ್ತು ಎದುರಿಗೆ ನೋಡಿದ್ದು ಅದೇ ಮೊದಲು. ತುಂಬ ಚೆಂದದ ಮುಖ. ಹಿಂದೆ ಬರುವವರಿಗೆ ಅದು ಯಾವಾಗಲೂ ಕಾಣುತ್ತಿತ್ತು. ಅತ್ತೆ ಯಾಕೆ ಇಷ್ಟು ವರ್ಷ ಬೈಯುತ್ತ ಬೈಯುತ್ತಲೇ ಹಿಂದೆ ನಡೆದಳೆಂದು ನನಗೆ ಆಗ ತಿಳಿಯಿತು.

ಬರುವಾಗ ಎಲ್ಲರೂ ಹಳಿಯ ಮೇಲೆ ನಡೆದು ಬಂದೆವು. ಡಾಕ್ಟರ ಬೂಟು ಕಚ್ಚಿತು. ಎಮ್ಮೆಯನ್ನು ಮರುದಿನ ಒಂದು ಡೀಸೆಲ್ ಎಂಜಿನ್ ಎಳೆದು ತಂದಿತು. ಆ ಬಟ್ಟೆಯ ಮಸಿ, ಮಾವ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅವತ್ತು ಗಾಡಿಯ ಎದುರಿಗೆ, ಹಳಿಯ ಪಕ್ಕ ನಿಂತು ಫೋಟೋಗ್ರಾಫರ್ ತೆಗೆದ ಚಿತ್ರ ಈಗ ಗೋಡೆಯ ಮೇಲಿದೆ. ಎಂಜಿನ್ನಿನ ಕಿಟಕಿಯಲ್ಲಿ ಎರಡು ಕಿವಿ, ಒಂದರಲ್ಲಿ ಓಲೆ. ಇದು ಯಾರು ಎಂದು ಬಂದವರು ಕೇಳಿದರೆ ಅತ್ತೆ ಮುಸುರೆ ಕೈಯಲ್ಲೇ ಹೊರಗೆ ಬರುತ್ತಾಳೆ.

“ನಾವೇ. ಡಬ್ಬಿ ಬರ್ತಾ ಇದೆಯಾ ಅಂತ ನೋಡ್ತಾ ಇದ್ವಿ.”